ಗುರುವಯ್ಯನ ಹೆಸರಿನ ಮಾತ್ರೆ

ಬಸ್ಸು ಆಲ್ದೂರು ದಾಟುವ ಹೊತ್ತಿಗೆ ಗುರುವಯ್ಯ ಈ ತಿಂಗಳು ತನ್ನ ನಿದ್ದೆ ಹೇಗಿತ್ತು ಎಂದು ಹೊಂದಿಸಿಕೊಳ್ಳತೊಡಗಿದ. ಪ್ರತಿ ಸಲವೂ ಇಲ್ಲೇ, ಆಲ್ದೂರಿಗೂ ವಸ್ತಾರೆಗೂ ನಡುವಿನ ಈ ತಿರುವುಗಳಲ್ಲೇ ಅವನು ಅದನ್ನು ಮಾಡುತ್ತಿದ್ದದ್ದು. ಬೇಗ ಮಲಗುತ್ತೇನೆ ಸರ್, ನಡುವೆ ಎಚ್ಚರವಾಗುತ್ತದೆ, ಬೆಳಿಗ್ಗೆ ಏಳಲು ಮನಸ್ಸಿಲ್ಲ, ಊಟ ಸೇರುವುದಿಲ್ಲ. ನಿದ್ದೆ ಅವನದಲ್ಲ. ಅದು ಬಾಳೂರಿನಾಚೆಯ ಎಸ್ಟೇಟ್ ಬಂಗಲೆಯಲ್ಲಿ ಮಲಗುವ ವಿಶಾಲಾಕ್ಷಮ್ಮನವರ ನಿದ್ದೆ. ಅವರು ಸಾಹುಕಾರ್ ವಿಶ್ವನಾಥರ ಹೆಂಡತಿ. ಗುರುವಯ್ಯನ ಬಾಯಲ್ಲಿ ಯಾವಾಗಲೂ ಅಮ್ಮಾವ್ರು. ಅಡುಗೆಯ ತಿಮ್ಮಮ್ಮನಿಂದ ಒಂದಿಷ್ಟು, ಸಾಹುಕಾರ್ರು ಜೀಪಿನ ಎಂಜಿನ್ ಆರಿಸದೆ ಕೂತಲ್ಲಿಂದಲೇ ಹೇಳುವ ಒಂದೆರಡು ಮಾತಿನಿಂದ ಇನ್ನಷ್ಟು ಕಲೆಹಾಕಿ, ಅದನ್ನು ಚಿಕ್ಕಮಗಳೂರಿನ ತಲೆ ಡಾಕ್ಟರ ಮುಂದೆ ತನ್ನದೆಂದು ಹೇಳಿ, ತನ್ನ ಹೆಸರಿಗೆ ಮಾತ್ರೆ ಬರೆಸಿಕೊಂಡು ಬರುವುದು ಎಸ್ಟೇಟ್ ರೈಟರ್ ಗುರುವಯ್ಯನ ಕೆಲಸಗಳಲ್ಲೊಂದಾಗಿ ಎಷ್ಟೋ ವರ್ಷವಾಗಿತ್ತು. ಆಳುಗಳ ಹಾಜರಿ ಹಾಕುವುದು, ಕಣದಲ್ಲಿ ಒಣಗಿದ ಕಾಫಿಯನ್ನು ತೂಕ ಹಾಕಿಸುವುದು, ಹಾಗೇ ಇದೂ. ಇವತ್ತು ಮಾತ್ರ ಏನೂ ಹೊಂದುತ್ತಿರಲಿಲ್ಲ. ನಿದ್ದೆ ಎಂದುಕೊಂಡರೆ ಕಣ್ಣ ಮುಂದೆ ಅಮ್ಮಾವ್ರ ಕೈ ಬರುತ್ತಿತ್ತು.

ಬೆಳಿಗ್ಗೆ ಹಾಜರಿ ಮುಗಿಸಿ, ಪೇಟೆಯಿಂದ ಏನಾದರೂ ತರಬೇಕೇ ಎಂದು ಕೇಳಲು ಬಂಗಲೆಯ ಹಿಂದಿನ ಜಗಲಿಗೆ ಹೋಗಿದ್ದ. ಅಮ್ಮಾವ್ರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ತಿಮ್ಮಮ್ಮ ಕೊಟ್ಟ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು. ಹಿಡಿದರೂ ಅದು ನಿಲ್ಲಲಿಲ್ಲ; ತುಳುಕಿ ಸೀರೆಯ ಮೇಲೆಲ್ಲ ಚೆಲ್ಲಿತು. ಬಿಸಿ ತಾಗಿದ್ದಕ್ಕೆ ಅವರು ಬೆಚ್ಚಲಿಲ್ಲ, ಸುಮ್ಮನೆ ತಮ್ಮ ಕೈಯನ್ನೇ ನೋಡಿಕೊಂಡರು. ಎದ್ದು ಒಳಗೆ ಹೋಗುವಾಗ ಕಾಲನ್ನು ಅಗಲಿಸಿ ಇಡುತ್ತ ಗೋಡೆ ಹಿಡಿದರು. "ಗುರುವಾ, ಬಸ್ಸು..." ಎಂದೇನೋ ಹೇಳಹೊರಟರು, ನಾಲಿಗೆ ಹೊರಳಲಿಲ್ಲ. ರೈಟರ್ ಆದವನು ಬಂಗಲೆಯಲ್ಲಿ ನೋಡಬಾರದ್ದನ್ನು ನೋಡದಿರುವುದನ್ನೇ ಮೊದಲು ಕಲಿಯುತ್ತಾನೆ. ಗುರುವಯ್ಯ ಕಣದ ಕಡೆ ಮುಖ ತಿರುಗಿಸಿ, ಕಾಫಿ ಹರಡುತ್ತಿದ್ದ ಹೆಂಗಸರನ್ನು ಎಣಿಸುವವನ ಹಾಗೆ ನಿಂತ. ತಿಮ್ಮಮ್ಮ ನೆಲ ಒರೆಸುತ್ತ ತಗ್ಗಿದ ದನಿಯಲ್ಲಿ ಅಂದಳು: "ನಾಲ್ಕು ದಿನದಿಂದ ಹೊಟ್ಟೇಲಿ ಏನೂ ನಿಲ್ತಿಲ್ಲ ಕಣಪ್ಪ. ಗಂಜಿ ಕೊಟ್ರೂ ವಾಂತಿ. ಆ ಹೊಸ ಮಾತ್ರೆ ಬಂದಾಗಿಂದ್ಲೇ ಸರಿ ಇರ್ಲಿಲ್ಲ." ಅದನ್ನು ಅವನು ಸಾಹುಕಾರ್ರಿಗೆ ಹೇಳಿದ ಕೂಡ. ಜಗಲಿಯ ಮೂಲೆಯಲ್ಲಿ ಬೂಟಿನ ಲೇಸು ಕಟ್ಟುತ್ತಿದ್ದ ಅವರು ತಲೆ ಎತ್ತದೆ, "ಹೊಸ ಮಾತ್ರೆ, ಹೊಂದ್ಕೊಳ್ಳೋಕೆ ಸ್ವಲ್ಪ ದಿನ ಬೇಕು ಅಂತ ನೀನೇ ಬಂದು ಹೇಳಿದ್ಯಲ್ಲ ಮಾರಾಯ," ಎಂದರು. ಹೌದು, ಅವನೇ ಹೇಳಿದ್ದ. ಡಾಕ್ಟರು ಅವನಿಗೆ ಹೇಳಿದ್ದನ್ನು ಅವನು ಇವರಿಗೆ ಹೇಳಿದ್ದ. ಆದರೆ ಡೋಸ್ ಜಾಸ್ತಿ ಮಾಡಿದ್ದು ಯಾರ ರಕ್ತ ನೋಡಿ ಎಂಬುದನ್ನು ಹೇಳಿರಲಿಲ್ಲ. ಆ ಮಾತು ಗಂಟಲಲ್ಲೇ ಕೂತು ಈಗ ಮೂರು ವಾರ.

ವಸ್ತಾರೆಯಲ್ಲಿ ಬಸ್ಸು ನಿಂತಿತು. ಈ ನಿಲ್ದಾಣವನ್ನು ಅವನು ನೋಡಲಾರ. ರಕ್ತ ಕೊಟ್ಟ ದಿನ ವಾಪಸು ಬರುವಾಗ ತನ್ನ ತಪ್ಪು ಹೊಳೆದದ್ದು ಇಲ್ಲೇ. ಡಾಕ್ಟರು, ವರ್ಷಗಟ್ಟಲೆ ಈ ಲಿಥಿಯಂ ಮಾತ್ರೆ ತಗೊಳ್ಳೋರು ರಕ್ತದಲ್ಲಿ ಅದು ಎಷ್ಟಿದೆ ಅಂತ ಆಗಾಗ ನೋಡಿಸಿಕೊಳ್ಳಬೇಕು, ನೀವು ಒಂದು ಸಲವೂ ಮಾಡಿಸಿಲ್ಲ, ಎಂದು ಗದರಿ ಲ್ಯಾಬಿಗೆ ಕಳಿಸಿದ್ದರು. ಲ್ಯಾಬಿನ ಹುಡುಗಿ "ಗುರುವಯ್ಯ" ಎಂದು ಕೂಗಿದಳು. ಅವನು ಎದ್ದ, ತೋಳು ಮಡಿಸಿದ, ಮುಷ್ಟಿ ಬಿಗಿಹಿಡಿದ. ತನ್ನ ಹೆಸರು ಕೂಗಿದರೆ ತಾನು ಎದ್ದು ಹೋಗುವುದು, ಸಹಿ ಹಾಕುವುದು, ಸಾಮಾನು ಎತ್ತಿಕೊಂಡು ಬರುವುದು, ಇಷ್ಟೇ ಅವನಿಗೆ ಗೊತ್ತಿದ್ದದ್ದು. ಎಸ್ಟೇಟಿನ ಡೀಸೆಲ್ಲು, ಗೊಬ್ಬರ, ಪಂಪ್‌ಸೆಟ್ಟಿನ ಬಿಡಿಭಾಗ ಎಲ್ಲ ಬರುವುದು ರೈಟರ್ ಹೆಸರಿನಲ್ಲೇ. ಬಂಗಲೆಯ ಗ್ಯಾಸು, ಸಾಹುಕಾರ್ರ ಎರಡನೇ ಫೋನಿನ ಸಿಮ್ಮು ಕೂಡ ಅವನ ಹೆಸರಿನಲ್ಲೇ ಇದೆ. ಅಮ್ಮಾವ್ರನ್ನು ನೋಡುತ್ತಿದ್ದ ಮಂಗಳೂರಿನ ಹಳೇ ಡಾಕ್ಟರು ತೀರಿಕೊಂಡ ವರ್ಷ ಸಾಹುಕಾರ್ರು ಅವನನ್ನು ಕರೆದು, ಮೂಡಿಗೆರೆ ಮೆಡಿಕಲ್ ಶಾಪಿನವರೆಲ್ಲ ನಮಗೆ ನೆಂಟರು, ಈ ಮಾತ್ರೆ ಅಲ್ಲಿ ಕೇಳೋ ಹಾಗಿಲ್ಲ, ಮಗಳ ಮದುವೆ ಮಾತು ನಡೀತಿದೆ, ಚಿಕ್ಕಮಗಳೂರಿನ ನರದ ಡಾಕ್ಟ್ರ ಹತ್ರ ನಿನ್ನ ಹೆಸರಲ್ಲಿ ತೋರ್ಸೋಣ, ಎಂದಿದ್ದರು. ಅವನು ತಲೆ ಕೆರೆದುಕೊಂಡಾಗ, "ಹೆಸರು ತಾನೆ ಗುರುವಾ, ಸವೆದು ಹೋಗುತ್ತಾ?" ಎಂದು ನಕ್ಕರು. ಹಾಗೆ ನೋಡಿದರೆ ಅವನನ್ನು ಆಳುಗಳ ಲೈನ್ ಮನೆಯಿಂದ ಎತ್ತಿ ರೈಟರ್ ಕುರ್ಚಿಯಲ್ಲಿ ಕೂರಿಸಿದವರು ಅವರೇ. ಅವರ ಮಗಳ ಮದುವೆಯಾಗಿ ಮೊಮ್ಮಕ್ಕಳಾದರೂ ಮಾತ್ರೆ ಅವನ ಹೆಸರಿನಲ್ಲೇ ಉಳಿಯಿತು. ಹಾಗಾಗಿ ಲ್ಯಾಬಿನಲ್ಲಿ ಹೆಸರು ಕೂಗಿದಾಗ ರಕ್ತವೂ ರೈಟರ್ ಹೆಸರಿನಲ್ಲಿ ತರುವ ಇನ್ನೊಂದು ಸಾಮಾನಾಗಿಬಿಟ್ಟಿತು. ವಸ್ತಾರೆಯಲ್ಲಿ ತೋಳಿನ ಹತ್ತಿ ಕಿತ್ತೆಸೆಯುವಾಗ, ಮಾತ್ರೆ ತಿನ್ನದವನ ರಕ್ತ ಕೊಟ್ಟುಬಂದೆನಲ್ಲ ಎಂದು ಥಟ್ಟನೆ ತಿಳಿದು ಅವನಿಗೆ ನಗು ಬಂತು. ಒಬ್ಬನೇ ನಗುತ್ತಿದ್ದದ್ದು ನೋಡಿ ಪಕ್ಕದ ಹೆಂಗಸು ಸರಿದು ಕೂತಳು. ಹೇಳಿಬಿಡೋಣ ಎಂದುಕೊಂಡೇ ಮನೆಗೆ ಬಂದಿದ್ದ. ಆ ಹೊತ್ತಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟು ನಿಂತಿತ್ತು, ಸಾಹುಕಾರ್ರು ಮೆಕ್ಯಾನಿಕ್ಕಿನ ಮೇಲೆ ಹಾರಾಡುತ್ತಿದ್ದರು. ಇಂಥ ಹೊತ್ತಿನಲ್ಲಿ ಹೋಗಿ ನಾನೊಂದು ಪೆದ್ದು ಕೆಲಸ ಮಾಡಿದೆ ಎನ್ನುವುದು ಹೇಗೆ. ನಾಳೆ ಎಂದುಕೊಂಡ.

ರಿಪೋರ್ಟು ಬಂದ ದಿನವಾದರೂ ಹೇಳಬಹುದಿತ್ತು. "ಇದ್ರಲ್ಲಿ ಏನೂ ಇಲ್ವಲ್ಲ ಗುರುವಯ್ಯ. ಮಾತ್ರೆ ಬಿಟ್ಟಿದೀರಾ?" ಎಂದರು ಡಾಕ್ಟರ್ ಅಶ್ವಿನ್. ಆ ಕ್ಷಣ ಅವನಿಗೆ ಅಪಮಾನವಾದ ಹಾಗಾಯಿತು. ತಿಂಗಳು ತಿಂಗಳು ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದು ಒಯ್ಯುವ ಮಾತ್ರೆ, ತಿಮ್ಮಮ್ಮ ಒಂದು ದಿನವೂ ಮರೆಯದೆ ಬೆಲ್ಲದ ಚೂರಿನ ಜೊತೆ ಕೊಡುವ ಮಾತ್ರೆ. "ದೇವ್ರಾಣೆ ಸರ್, ಒಂದು ದಿನಾನೂ ತಪ್ಪಿಲ್ಲ," ಎಂದ. ಅದರಲ್ಲಿ ಸುಳ್ಳೂ ಇರಲಿಲ್ಲ. ಅಷ್ಟು ಸಂಕಟದಿಂದ ಹೇಳಿದ್ದಕ್ಕೋ ಏನೋ ಡಾಕ್ಟರು ನಂಬಿದರು. ಆ ತಿಂಗಳು ಸಾಹುಕಾರ್ರು ಬೇರೆ, ಸ್ವಲ್ಪ ಮಾತು ಜಾಸ್ತಿ ಅನ್ನು, ಎಂದು ಹೇಳಿ ಕಳಿಸಿದ್ದರು, ಅದನ್ನೂ ಒಪ್ಪಿಸಿಯಾಗಿತ್ತು. "ಹಾಗಾದ್ರೆ ಈ ಕಂಪನಿ ಮಾತ್ರೆಯಲ್ಲೇ ಏನೋ ಐಬು. ಬದಲಾಯಿಸ್ತೀನಿ, ಎರಡರಷ್ಟು ತಗೊಳ್ಳಿ. ಹೊಂದ್ಕೊಳ್ಳೋಕೆ ಸ್ವಲ್ಪ ದಿನ ಬೇಕು. ವಾರ ಬಿಟ್ಟು ಮತ್ತೆ ರಕ್ತ ಕೊಡಿ," ಎಂದು ಬರೆದರು. ಗೋಡೆಗೆ ಒರಗಿ ನಿಂತಿದ್ದ ಹೊಸ ಕಂಪನಿಯ ಮೆಡಿಕಲ್ ರೆಪ್ ಹುಡುಗನ ಮುಖ ಅರಳಿದ್ದು ಗುರುವಯ್ಯನಿಗೆ ಇನ್ನೂ ನೆನಪಿದೆ. ವಾರ ಬಿಟ್ಟು ಬರಲಾಗಲಿಲ್ಲ. ರೊಬಸ್ಟಾ ಕಾಫಿಯ ಕೊಯ್ಲಿನಲ್ಲಿ ರೈಟರಿಗೆ ರಜೆ ಎಲ್ಲಿಯದು.

ಡಾಕ್ಟರ ಕ್ಲಿನಿಕ್ಕು ಮಹಡಿಯ ಮೇಲೆ, ಅದರ ಕೆಳಗೇ ಧರ್ಮೇಶನ ಮೆಡಿಕಲ್ ಶಾಪು. ಟೋಕನ್ ತಗೊಂಡು ಗುರುವಯ್ಯ ಕೆಳಗಿಳಿದು ಬಂದ. ಧರ್ಮೇಶ ಹಳೇ ಕಂಪನಿಯ ಬಿಳಿ ಮಾತ್ರೆಯ ಪೊಟ್ಟಣಗಳನ್ನೆಲ್ಲ ಕಪಾಟಿನಿಂದ ತೆಗೆದು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ.

"ಎಂಥದು ಇದು?" ಎಂದ ಗುರುವಯ್ಯ.

"ವಾಪಸು. ಡಾಕ್ಟ್ರು ಬರೆಯೋದು ನಿಲ್ಸಿದ್ಮೇಲೆ ನಾನು ಇಟ್ಕೊಂಡು ಏನ್ ಮಾಡ್ಲಿ? ಯಾವನದೋ ರಕ್ತದಲ್ಲಿ ಏನೂ ಸಿಗ್ಲಿಲ್ವಂತೆ. ಇಷ್ಟು ವರ್ಷ ಎಲ್ಲರಿಗೂ ನಾಟಿದ ಮಾತ್ರೆ, ಒಬ್ಬನ ರಕ್ತಕ್ಕೆ ಕೆಟ್ಟದಾಯ್ತು ನೋಡಿ." ಧರ್ಮೇಶ ಪೆಟ್ಟಿಗೆಗೆ ಟೇಪು ಸುತ್ತಿದ. "ಇದೊಂದು ವಿಚಿತ್ರ ವ್ಯಾಪಾರ ಮಾರಾಯ್ರೇ. ಲಿಥಿಯಂ ಅಂದ್ರೆ ಉಪ್ಪಿನ ಥರದ್ದು, ಹಳೇದು, ಅಗ್ಗ. ಯಾವ ರೆಪ್ಪೂ ಅದ್ರ ಮಾತೆತ್ತಲ್ಲ. ಮಾತ್ರೆಗೆ ಇನ್ನೊಂದೆರಡು ಮಾತ್ರೆ ಜೋಡಿಸಿ ಬಣ್ಣದ ಪೊಟ್ಟಣ ಮಾಡಿದ್ರೆ ಎಲ್ಲರಿಗೂ ಬೇಕು."

ಗುರುವಯ್ಯ ಗಾಜಿನ ಮೇಲೆ ಕೈಯಿಟ್ಟು ನಿಂತ. ಪಕ್ಕದಲ್ಲಿ ಮಲ್ಲಂದೂರಿನಿಂದ ಬಂದ ಭಾಗಮ್ಮ ಇದ್ದಳು. ಮಗನಿಗಾಗಿ ಬರುವವಳು, ಬೆಂಚಿನ ಮೇಲೆ ಎಷ್ಟೋ ಸಲ ಜೊತೆಗೆ ಕೂತವಳು. ಹಳೇ ಪೊಟ್ಟಣದ ಖಾಲಿ ಹಾಳೆಯನ್ನು ಸೆರಗಿನಿಂದ ಬಿಚ್ಚಿ, "ಇದೇ ಬೇಕಪ್ಪ. ಇದ್ರಲ್ಲೇ ನನ್ ಮಗ ಕೆಲ್ಸಕ್ಕೆ ಹೋಗೋ ಹಾಗಾಗಿದಾನೆ," ಎಂದಳು. ಧರ್ಮೇಶ, ಇನ್ನು ಬರಲ್ಲಮ್ಮ, ಡಾಕ್ಟ್ರ ಹತ್ರ ಬೇರೆ ಬರೆಸ್ಕೊಂಡು ಬನ್ನಿ, ಎಂದ. ಅವಳು ಆ ಪೆಟ್ಟಿಗೆಯನ್ನೂ ಅವನನ್ನೂ ನೋಡಿ, ಹಾಳೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲು ಹತ್ತಿದಳು. ಆ ಪೆಟ್ಟಿಗೆ ವಾಪಸು ಹೋಗುತ್ತಿರುವುದು ನನ್ನಿಂದ, ಬಾಳೂರಿನ ಒಬ್ಬ ರೈಟರ್ ತೋಳು ಮಡಿಸಿದ್ದಕ್ಕೆ, ಎಂದು ಹೇಳಿಬಿಡಬೇಕೆನಿಸಿತು. ಹೇಳಿದರೆ ಧರ್ಮೇಶ ನಗಬಹುದು. ಅವನು ಮೊದಲೇ ನಗುವ ಮನುಷ್ಯ. ಹೋದ ವರ್ಷ ಒಮ್ಮೆ, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ಕೇಳಿದ್ದ: "ನಿಮ್ ಕಡೆಯಿಂದ ಈ ಮಾತ್ರೆಗೆ ಬರೋರೆಲ್ಲ ರೈಟ್ರು, ಡ್ರೈವರುಗಳೇ. ಬಾಳೂರು, ಕಳಸ, ಮೂಡಿಗೆರೆ, ಮೂರೂ ಕಡೆ. ಕಾಫಿ ತೋಟದಲ್ಲಿ ರೈಟರುಗಳಿಗೇ ತಲೆ ಕೆಡೋದಾ ಹೆಂಗೆ?" ಗುರುವಯ್ಯ ಆವತ್ತು, ಕೆಲಸದ ಟೆನ್ಶನ್ನು, ಎಂದಿದ್ದ. ಆಮೇಲೆ ಬೆಂಚಿನ ಮೇಲೆ ಕೂತವರನ್ನು ಗಮನಿಸತೊಡಗಿದ. ಚೀಲ ಹಿಡಿದು ಗಡಿಯಾರ ನೋಡುವ ಗಂಡಸರು, ಯಾರದೋ ನಿದ್ದೆಯನ್ನು ಬಾಯಿಪಾಠ ಮಾಡುತ್ತಿರುವವರ ಮುಖ. ಒಬ್ಬರಿಗೊಬ್ಬರು ಗೊತ್ತು, ಆದರೆ ಯಾರೂ ಮಾತಾಡುತ್ತಿರಲಿಲ್ಲ.

ಧರ್ಮೇಶನಿಗಾದರೂ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ. ಊರಿಗೆ ಗೊತ್ತಿದ್ದದ್ದು ಗುರುವಯ್ಯ ತಲೆ ಡಾಕ್ಟರ ಹತ್ತಿರ ಹೋಗುತ್ತಾನೆ ಎಂಬುದಷ್ಟೇ. ಮಗಳು ಕವನಾಳನ್ನು ನೋಡಲು ಬಾಳೂರಿನ ಕಡೆಯಿಂದಲೇ ಬಂದಿದ್ದರು, ಹುಡುಗ ಒಳ್ಳೆಯವನು. ಉಪ್ಪಿಟ್ಟು ತಿಂದು, ನಗುನಗುತ್ತ ಮಾತಾಡಿ ಹೋದವರು ಆಮೇಲೆ ಮಧ್ಯಸ್ಥರ ಕೈಲಿ, ಮನೆತನದಲ್ಲಿ ಆ ಥರದ್ದು ಇದ್ದರೆ ಮಕ್ಕಳಿಗೂ ಬರುತ್ತಂತೆ, ಎಂದು ಹೇಳಿ ಕಳಿಸಿದರು. ಸಾಹುಕಾರ್ರ ಮಗಳಿಗೆ ತಟ್ಟಬಾರದು ಎಂದು ಇವನು ಹೊತ್ತದ್ದು ಇವನ ಮಗಳಿಗೆ ತಟ್ಟಿತು. ಆ ರಾತ್ರಿಯಾದರೂ ಹೆಂಡತಿ ರೇವತಿಗೆ ನಿಜ ಹೇಳಬೇಕಿತ್ತು, ಹೇಳಲಿಲ್ಲ. ಸಾಹುಕಾರ್ರಿಗೆ ಕೊಟ್ಟ ಮಾತು ಎಂದು ಅವನು ತನಗೆ ತಾನೇ ಹೇಳಿಕೊಂಡ, ಆದರೆ ಅದಷ್ಟೇ ಆಗಿರಲಿಲ್ಲ. ಚೀಲದಲ್ಲಿ ಮಾತ್ರೆ ಸಿಕ್ಕಿದ ದಿನದಿಂದ ರೇವತಿ ಅವನೊಡನೆ ಜಗಳವಾಡುವುದನ್ನು ಬಿಟ್ಟಿದ್ದಳು. ಕೂತರೆ ದಿಂಬು ಒರಗಿಸುವಳು, ಅವನು ಸುಮ್ಮನಿದ್ದರೆ ಮಕ್ಕಳಿಗೆ ಸದ್ದು ಮಾಡಬೇಡಿ ಎನ್ನುವಳು, ಮೀನು ಬಡಿಸುವಾಗ ನಡುವಿನ ತುಂಡು ಅವನಿಗೆ. ಜೀವಮಾನದಲ್ಲಿ ಯಾರೂ ಅವನನ್ನು ಇಷ್ಟು ಮೆತ್ತಗೆ ಮುಟ್ಟಿರಲಿಲ್ಲ. ಆ ಮೆತ್ತನೆಯನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ. ಇದು ನೆನಪಾದಾಗಲೆಲ್ಲ ಅವನಿಗೆ ತನ್ನ ಮೇಲೆ ಅಸಹ್ಯವಾಗುತ್ತಿತ್ತು.

ಬೆಂಚಿನ ಮೇಲೆ ಕೂತಾಗ ಆಯಾಸ ಮೈಗೆಲ್ಲ ಇಳಿಯಿತು. ಎದುರು ಗೋಡೆಯ ಮೇಲೆ ಹೊಸ ಕಂಪನಿಯ ಕ್ಯಾಲೆಂಡರು. ಅದರಲ್ಲಿ ಬೆಟ್ಟದ ತುದಿಯಲ್ಲಿ ಕೈ ಚಾಚಿ ನಿಂತ ಹೆಂಗಸು. ಅಮ್ಮಾವ್ರು ಹಾಗೆ ನಿಂತದ್ದನ್ನು ಅವನು ಒಮ್ಮೆ ನೋಡಿದ್ದ. ಆಗಿನ್ನೂ ಅವನು ರೈಟರ್ ಆಗಿದ್ದ ಹೊಸತು. ಒಂದು ಮಧ್ಯಾಹ್ನ ಅವರು ಬರಿಗಾಲಲ್ಲಿ ಕಣಕ್ಕೆ ಇಳಿದು ಬಂದು, ಹೆಂಗಸರ ಕೈಯಿಂದ ಹಲಗೆ ಕಿತ್ತುಕೊಂಡು, ಸುಡುವ ಬಿಸಿಲಲ್ಲಿ ತಾವೇ ಕಾಫಿ ಹರಡತೊಡಗಿದರು. ಹಾಡಿದರು. ಮೇಸ್ತ್ರಿಗೆ ರಜೆ ಕೊಟ್ಟರು. ಪ್ರತಿ ಲೈನ್ ಮನೆಯ ಮುಂದೆ ಮಲ್ಲಿಗೆ ಬಳ್ಳಿ ನೆಡಬೇಕೆಂದು ಹಟ ಹಿಡಿದು, ಗುರುವಯ್ಯನ ಭುಜ ಹಿಡಿದು ಅಲುಗಿಸಿ, "ನೀನು ನನ್ ತಮ್ಮ ಕಣೋ, ನಿಂಗೊಬ್ಬನಿಗೆ ಗೊತ್ತಾಗ್ತದೆ," ಎಂದರು. ಅವನಿಗೆ ಏನೂ ಗೊತ್ತಾಗಿರಲಿಲ್ಲ, ಆದರೆ ಆ ಮಾತು ಹಿತವಾಗಿತ್ತು. ಹೆಂಗಸರೆಲ್ಲ ನಕ್ಕಿದ್ದರು, ಅವರೂ ನಕ್ಕಿದ್ದರು. ಆಮೇಲೆ ಅವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಕೂರಿಸಿ ಮಂಗಳೂರಿಗೆ ಕರೆದೊಯ್ದರು. ತಿರುಗಿ ಬಂದಾಗ ಅವರು ಮೆಲ್ಲಗೆ ನಡೆಯುವ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಹೆಂಗಸಾಗಿದ್ದರು. ಆ ಬಿಳಿ ಮಾತ್ರೆ ಅವರನ್ನು ಇಷ್ಟು ವರ್ಷ ನೆಲದ ಮೇಲೆ ನಿಲ್ಲಿಸಿತ್ತು. ಸೊಸೆ, ಅಳಿಯ, ಬಾಣಂತನ ಎಲ್ಲ ನೋಡಿಕೊಂಡರು. ಅದನ್ನು ಕೆಡಿಸಿದವನು ನಾನು, ಆ ಕೈ ನಡುಗುತ್ತಿರುವುದು ನನ್ನಿಂದ, ಎಂದು ಗುರುವಯ್ಯ ಮನಸ್ಸಿನಲ್ಲಿ ಮೊದಲ ಬಾರಿ ನೆಟ್ಟಗೆ ಅಂದುಕೊಂಡ. ಹಾಗೆ ಅಂದುಕೊಂಡದ್ದೇ ಭಯವಾಯಿತು. ಅವರು ಸತ್ತರೆ?

"ಬನ್ನಿ ಗುರುವಯ್ಯ. ನಿದ್ದೆ ಹೇಗಿದೆ?"

ಇದನ್ನು ಕೇಳುವವರು ಲೋಕದಲ್ಲಿ ಡಾಕ್ಟರ್ ಅಶ್ವಿನ್ ಒಬ್ಬರೇ. ಚಿಕ್ಕ ವಯಸ್ಸಿನವರು, ಕಣ್ಣಿನ ಕೆಳಗೆ ಅವರಿಗೂ ನಿದ್ದೆಗೆಟ್ಟ ಕಪ್ಪು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಅಭ್ಯಾಸ ಅವರಿಗಿತ್ತು. ಹಾಗೆ ಕಾಯುವಾಗ ಗುರುವಯ್ಯ ಅಮ್ಮಾವ್ರದರ ಜೊತೆ ತನ್ನದನ್ನೂ ಒಂದಿಷ್ಟು ಸೇರಿಸಿಬಿಡುತ್ತಿದ್ದ. ಅಪ್ಪ ತೀರಿಕೊಂಡ ತಿಂಗಳು, ಏನೂ ಬೇಡ ಅನ್ನಿಸುತ್ತದೆ ಸರ್, ಎಂದು ಅತ್ತದ್ದು ಅವನದೇ ಅಳು. ಡಾಕ್ಟರು ಅದಕ್ಕೆ ಒಂದು ಮಾತ್ರೆ ಹೆಚ್ಚಿಗೆ ಬರೆದರು, ಅದನ್ನು ನುಂಗಿದವರು ಅಮ್ಮಾವ್ರು. ಯಾವುದು ಯಾರದು ಎಂಬುದು ಈಚೆಗೆ ಅವನಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ನಿಜ ಹೇಳಿದರೆ ಡಾಕ್ಟರ ಮುಂದಿನ ಈ ಕುರ್ಚಿ ಕೈಬಿಟ್ಟು ಹೋಗುತ್ತದಲ್ಲ ಎಂದು ಒಂದು ಕ್ಷಣ ದುಃಖವಾ‌ಯಿತು. ಆಮೇಲೆ ಹೇಳಿದ.

"ಸರ್, ಈ ಮಾತ್ರೆ ನಾನು ತಿನ್ನೋದಲ್ಲ."

"ಬಿಟ್ಬಿಟ್ರಾ?"

"ಬಿಟ್ಟಿದ್ದಲ್ಲ. ಮೊದ್ಲಿಂದ್ಲೂ ತಿಂದೇ ಇಲ್ಲ. ನಂಗೆ ಕಾಯಿಲೆ ಇಲ್ಲ ಸರ್."

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ, ಮರುಕ ಬಂತು. "ಹಾಗಂತ ಯಾವಾಗಿಂದ ಅನ್ನಿಸ್ತಿದೆ ಗುರುವಯ್ಯ?"

"ಅನ್ಸೋದಲ್ಲ ಸರ್. ಮಾತ್ರೆ ನಮ್ ಸಾವ್ಕಾರ್ರ ಮನೆಯವ್ರದ್ದು. ಹೆಸ್ರು ಮಾತ್ರ ನಂದು. ರಕ್ತ ನಂದು. ಅದ್ಕೇ ಅದ್ರಲ್ಲಿ ಏನೂ ಇರ್ಲಿಲ್ಲ. ನೀವು ಡಬಲ್ ಬರೆದ್ರಿ, ಅವ್ರು ತಿಂತಿದಾರೆ. ಡೀಸೆಲ್ಲೂ ನನ್ ಹೆಸ್ರಲ್ಲೇ ಸರ್, ಸಿಮ್ಮೂ ನನ್ ಹೆಸ್ರಲ್ಲೇ."

ಒಟ್ಟಿಗೆ ಬಾಯಿಂದ ಬಿದ್ದದ್ದೇ, ಇದು ತಲೆ ಕೆಟ್ಟವನ ಮಾತು ಎಂದು ಅವನಿಗೇ ಅನ್ನಿಸಿತು. ಡೀಸೆಲ್ಲಿನ ಮಾತು ಯಾಕೆ ಬೇಕಿತ್ತು. ಡಾಕ್ಟರು ತಲೆಯಾಡಿಸುತ್ತ ಕೇಳಿಸಿಕೊಂಡರು. ನನಗೆ ಕಾಯಿಲೆ ಇಲ್ಲ, ಮಾತ್ರೆ ನನ್ನದಲ್ಲ ಎಂದು ಆ ಕುರ್ಚಿಯಲ್ಲಿ ಕೂತು ಹೇಳಿದ ಎಷ್ಟನೆಯವನೋ ಅವನು. "ಆಯ್ತು, ಗಾಬ್ರಿ ಆಗ್ಬೇಡಿ. ಮಾತ್ರೆ ಬಿಟ್ಟಾಗ ಹೀಗೆಲ್ಲ ಆಗುತ್ತೆ. ಒಂದ್ಸಲ ನಿಮ್ ಸಾಹುಕಾರ್ರ ಹತ್ರ ಮಾತಾಡ್ಲಾ?" ಎಂದು ಫೋನು ತೆಗೆದರು. ಮೊದಲ ಸಲ ಅವನನ್ನು ಕರೆತಂದು, ನಮ್ಮ ರೈಟರು, ಪಾಪ, ಖರ್ಚೆಲ್ಲ ನನ್ನದು, ಎಂದವರು ಸಾಹುಕಾರ್ರೇ. ನಂಬರು ಕೊಟ್ಟವರೂ ಅವರೇ. ಡಾಕ್ಟರು ಫೋನನ್ನು ಮೇಜಿನ ಮೇಲಿಟ್ಟು ಇಬ್ಬರಿಗೂ ಕೇಳುವ ಹಾಗೆ ಮಾಡಿ, ಗುರುವಯ್ಯ ಹೇಳಿದ್ದನ್ನು ಹೇಳಿದರು.

"ನಮ್ಮನೆಯವ್ರಿಗಾ?" ಎಂದಿತು ಸಾಹುಕಾರ್ರ ದನಿ. ಸ್ವಲ್ಪ ತಡೆದು, "ಅವ್ರಿಗೆಂಥ ಆಗಿದೆ, ಚೆನ್ನಾಗಿದಾರಲ್ಲ," ಎಂದಿತು. ಮತ್ತೆ ತಡೆದು, "ಈಚೆಗೆ ಅವ್ನಿಗೆ ಸ್ವಲ್ಪ ಜಾಸ್ತಿ ಆಗಿದೆ ಅಂತ ಕಾಣುತ್ತೆ ಡಾಕ್ಟ್ರೇ. ಒಳ್ಳೇ ಮನುಷ್ಯ. ನೋಡ್ಕೊಳ್ಳಿ."

ಗುರುವಯ್ಯನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು ಮಾತ್ರ. ಒಳ್ಳೇ ಮನುಷ್ಯ ಎಂದದ್ದು ಕಿವಿಗೆ ಹಿತವಾಗಿಯೇ ಬಿತ್ತು, ಹಾಗೆ ಬಿದ್ದದ್ದಕ್ಕೆ ನಾಚಿಕೆಯಾಯಿತು. ಅವರಿಗೂ ಹೆದರಿಕೆ ಎಂದು ಅವನಿಗೆ ಗೊತ್ತಿತ್ತು. ಆ ತಡೆತಡೆದ ದನಿ ಅವನು ಕೇಳಿದ್ದೇ. ಡಾಕ್ಟರು ಏನೋ ಸಮಾಧಾನ ಹೇಳುತ್ತಿದ್ದರು. ಇಂಜೆಕ್ಷನ್, ಮನೆಯವರನ್ನು ಕರೆಸಿ, ಎನ್ನುತ್ತಿದ್ದರು. ಇದೆಲ್ಲ ಒಪ್ಪಿಕೊಂಡು ಎದ್ದು ಹೋಗಿಬಿಡಬಹುದು. ಹೋದರೆ ಸಂಜೆ ತಿಮ್ಮಮ್ಮ ಬೆಲ್ಲದ ಚೂರಿನ ಜೊತೆ ಆ ಎರಡು ಮಾತ್ರೆ ಕೊಡುತ್ತಾಳೆ. ಅಮ್ಮಾವ್ರು ಬಾಯಿ ತೆರೆಯುತ್ತಾರೆ. ಅವರು ಯಾವತ್ತೂ ಬೇಡ ಅಂದವರಲ್ಲ.

"ಸರ್," ಎಂದ ಗುರುವಯ್ಯ. "ಕೈ ನಡುಗುತ್ತೆ ಸರ್."

ಡಾಕ್ಟರು ಮಾತು ನಿಲ್ಲಿಸಿದರು. "ಯಾರದು?"

"ನಂದು. ಲೋಟ ಹಿಡಿಯೋಕಾಗಲ್ಲ, ಚೆಲ್ಲುತ್ತೆ. ನಾಲ್ಕು ದಿನದಿಂದ ವಾಂತಿ. ಗಂಜೀನೂ ನಿಲ್ಲಲ್ಲ. ನಡೆಯುವಾಗ ಗೋಡೆ ಹಿಡೀಬೇಕು. ಮಾತು ತೊದಲುತ್ತೆ." ಹಳೇ ದಾರಿಗೆ ಬಿದ್ದದ್ದೇ ಮಾತು ಸಲೀಸಾಗಿ ಬಂತು. ಇಷ್ಟು ವರ್ಷ ಮಾಡಿದ ಕೆಲಸ.

"ಮಾತ್ರೆ ತಿಂದೇ ಇಲ್ಲ ಅಂದ್ರಲ್ಲ ಈಗ?"

"ಸುಳ್ಳು ಹೇಳ್ದೆ ಸರ್. ತಿಂದಿದೀನಿ. ಎರಡೂ ಹೊತ್ತು, ಡಬಲ್ಲು."

"ಕೈ ಚಾಚಿ."

ಚಾಚಿದ. ನಡುಗಿಸಬೇಕೆಂದು ಹೊರಟಿದ್ದ, ನಡುಗಿಸುವ ಅಗತ್ಯ ಬೀಳಲಿಲ್ಲ. ಡಾಕ್ಟರು ಎದ್ದು ನಿಂತರು. ಅವರ ದನಿಯೇ ಬದಲಾಯಿತು. ಫೋನು ಇನ್ನೂ ಮೇಜಿನ ಮೇಲೆ ತೆರೆದೇ ಇತ್ತು. "ಸಾಹುಕಾರ್ರೇ, ಕೇಳಿಸ್ಕೊಳ್ಳಿ. ಇವ್ರಿಗೆ ಲಿಥಿಯಂ ವಿಷ ಏರಿದ ಹಾಗಿದೆ. ಮಾತ್ರೆ ಈ ಕ್ಷಣದಿಂದ ಬಂದ್. ಒಂದೂ ಕೊಡಬಾರ್ದು. ಈಗ್ಲೇ ಅಡ್ಮಿಟ್ ಮಾಡಿ ಡ್ರಿಪ್ ಹಾಕ್ಬೇಕು, ಇವತ್ತು ಬಿಟ್ರೆ ಕಿಡ್ನಿ ಹೋಗುತ್ತೆ. ಜೀವಾನೂ ಹೋಗ್ಬಹುದು."

"ಕೈ ನಡುಗಿದ್ರೆ... ಅಷ್ಟೊಂದಾ?" ಎಂದಿತು ದನಿ. ಆಮೇಲೆ, "ಫೋನ್ ಅವ್ನ ಕೈಗೆ ಕೊಡಿ ಡಾಕ್ಟ್ರೇ."

ಡಾಕ್ಟರು ಫೋನನ್ನು ಅವನ ಮುಂದೆ ಸರಿಸಿದರು.

"ಗುರುವಾ," ಎಂದರು ಸಾಹುಕಾರ್ರು, ಯಾರೋ ಪಕ್ಕದಲ್ಲಿರುವ ಹಾಗೆ ಸಣ್ಣಗೆ. "ಮಾತ್ರೆ ನಿಲ್ಸಿ, ನೀರು ಕುಡ್ಸಿದ್ರೆ ಆಗಲ್ವಾ? ಕೇಳ್ನೋಡು. ಅಲ್ಲೇ ಏನಾದ್ರೂ ಬರ್ಸ್ಕೊಂಡು ಬಾ."

"ಆಗಲ್ಲ ಸಾವ್ಕಾರ್ರೇ. ಡ್ರಿಪ್ಪೇ ಹಾಕ್ಬೇಕಂತೆ. ಅಡ್ಮಿಟ್ ಆಗ್ಬೇಕಂತೆ." ಇಷ್ಟು ವರ್ಷದಲ್ಲಿ ಅವರ ಮಾತಿಗೆ ಆಗಲ್ಲ ಎಂದದ್ದು ಇದೇ ಮೊದಲು. "ಇದಕ್ಕೆ ನಾನು ಹೋಗಿ ಮಲಗಿದ್ರೆ ಆಗಲ್ಲ."

ಡಾಕ್ಟರು ಲ್ಯಾಬಿಗೆ ಚೀಟಿ ಬರೆಯಲು ಬಗ್ಗಿದವರು ಹಾಗೇ ನಿಂತರು. ಗುರುವಯ್ಯನನ್ನು ನೋಡಿದರು, ಅವನ ಕೈಯನ್ನು ನೋಡಿದರು, ಫೋನನ್ನು ನೋಡಿದರು. ಅವರ ಮುಖದಲ್ಲಿ ಬಣ್ಣ ಇಳಿದುಹೋಯಿತು. ಬರೆದವರು ಅವರೇ ಅಲ್ಲವೇ. ಫೋನು ಎತ್ತಿಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು: "ಮೊದ್ಲು ಮೂಡಿಗೆರೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಚಿಕ್ಕಮಗಳೂರು ತನಕ ಕಾಯೋದು ಬೇಡ. ನಾನು ಅಲ್ಲಿಯ ಡಾಕ್ಟ್ರಿಗೆ ಈಗ ಫೋನ್ ಮಾಡ್ತೀನಿ, ರೆಡಿ ಇರ್ತಾರೆ. ಪೇಷೆಂಟ್ ಹೆಸ್ರು ಹೇಳಿ."

ಬಂಗಲೆಯ ಜಗಲಿಯಲ್ಲಿ ಕುರ್ಚಿ ಎಳೆದ ಸದ್ದು, ಒಳಗೆಲ್ಲೋ ತಿಮ್ಮಮ್ಮ ಯಾರನ್ನೋ, ಮೆಲ್ಲಗೆ, ಮೆಲ್ಲಗೆ, ಎನ್ನುತ್ತಿರುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಡಾಕ್ಟರು ಕಾಯುತ್ತಿದ್ದರು. ಗುರುವಯ್ಯನೂ ಕಾದ. ಈಗಲೂ ತನ್ನ ಹೆಸರೇ ಬರಬಹುದು ಎಂದು ಅವನಿಗೆ ಅನ್ನಿಸಿತು. ಬಂದರೆ ತಾನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಸಾಹುಕಾರ್ರೇ, ಹೆಸ್ರು."

"ವಿಶಾಲಾಕ್ಷಿ," ಎಂದರು ಅವರು. "ನನ್ ಹೆಂಡ್ತಿ."